ದುಧನಿ ಬಿಟ್ಟು

ಎಪ್ಪತ್ತನಾಲ್ಕು ನಿಮಿಷದ ಸಿನಿಮಾ.
ಹನ್ನೊಂದು ನಿಮಿಷ ನೋಡಿದ್ದಾರೆ.
ಲಿಂಕು ಸುಳ್ಳು ಹೇಳುವುದಿಲ್ಲ:
ಅಂಧೇರಿಯಲ್ಲಿ, ರಾತ್ರಿ ಒಂದೂವರೆಗೆ,
ಎತ್ತು ಇನ್ನೂ ಸಂತೆ ಮುಟ್ಟುವ ಮೊದಲೇ
ಯಾರೋ ನಿಲ್ಲಿಸಿ ಎದ್ದು ಹೋಗಿದ್ದಾರೆ.

ಇವರು ಏಳನೆಯ ಏಜೆಂಟು.
ಮೊದಲನೆಯವರು ಕೇಳಿದ್ದರು, ಇದು ಮರಾಠಿಯೋ ಕನ್ನಡವೋ?
ಎರಡೂ, ಎಂದೆ. ದಲಾಲ ತನ್ನಷ್ಟಕ್ಕೆ ಬೈದುಕೊಳ್ಳುವಾಗ ದಖನಿ.
ಫಾರಮ್ಮಿನಲ್ಲಿ ಒಂದೇ ಚೌಕವಿದೆ, ಎಂದರು.
ಬೆಂಗಳೂರಿನವರು ಒಳ್ಳೆಯವರು, ಚಹಾ ಕುಡಿಸಿ ಹೇಳಿದರು,
ನಿಮ್ಮ ಕನ್ನಡದ ಕೆಳಗೆ ಕನ್ನಡ ಹಾಕಿಕೊಂಡು ಬನ್ನಿ.
ಪುಣೆಯಾಕೆ ನನ್ನ ಅಡ್ಡಹೆಸರನ್ನು ಸರಿಯಾಗಿ ಬರೆದಿದ್ದಳು,
ಅಷ್ಟಕ್ಕೇ ಎರಡು ದಿನ ಹಿಗ್ಗಿನಲ್ಲಿದ್ದೆ.
ಉಳಿದವರ ಉತ್ತರ ಇನ್ನೂ ದಾರಿಯಲ್ಲಿದೆ.

ದುಧನಿಯಲ್ಲಿ ಏಜೆಂಟ್ ಎಂದರೆ ಎಲ್‌ಐಸಿಯ ಕಾಶೀನಾಥ.
'ನಮ್ಮ ಮಹಾನಂದಾ ಏಜೆಂಟನ್ನ ಹುಡುಕ್ಲಾಕತ್ತಾಳ'
ಎಂದು ಅವ್ವ ನಳದ ಹತ್ತಿರ ಅಂದದ್ದೇ ತಡ
ಮೂರು ಮನೆಯವರು ಅವನ ನಂಬರು ಕಳಿಸಿದರು.
ಅವನೇ ಬಂದ, ಬ್ಯಾಗು ತೆಗೆದ.
ಮೊದಲ ಕಂತು ಕಟ್ಟಿದ್ದೇನೆ.

ಏಳನೆಯವರು ಮಾತ್ರ ಕರಾರು ಕಳಿಸಿದರು.
ಹನ್ನೊಂದು ನಿಮಿಷಕ್ಕೆ ಹದಿನಾಲ್ಕು ಪುಟ.

ಝೆರಾಕ್ಸ್ ಮಾಡಿಸಿ ಮೈಬೂಸಾಬನ ಕಟ್ಟೆಗೆ ಒಯ್ದೆ.
ಸಿನಿಮಾದಲ್ಲಿ ದಲಾಲ ಅವನೇ, ಊರಲ್ಲೂ.
ನಲವತ್ತು ವರ್ಷ ದನದ ಸಂತೆಗಳಲ್ಲಿ
ಟವೆಲಿನ ಕೆಳಗೆ ಕೈಗೆ ಕೈ ಕೊಟ್ಟು
ಬೆರಳಿನಲ್ಲೇ ದರ ಆಡಿದವನು.
ಕೊಳ್ಳುವವನ ಆಸೆ ಹಿಡಿತದಲ್ಲಿ ತಿಳಿಯುತ್ತದಂತೆ,
ಮಾರುವವನ ಅಡಚಣೆ ಬೆವರಿನಲ್ಲಿ.

'ಬಾಯಿ ತೆರೆದು ಹಲ್ಲು ನೋಡ್ಯಾನೇನು?'
ಹನ್ನೊಂದು ನಿಮಿಷ.
'ಅಷ್ಟರಾಗ ಹಲ್ಲ ಬಿಡು, ಮೂಗದಾಣನೂ ಕಾಣಂಗಿಲ್ಲ.'

ಓದಿ ಹೇಳಿದೆ. ನೂರಕ್ಕೆ ಇಪ್ಪತ್ತೈದು.
ಅವನು ತನ್ನ ಇಡೀ ಬಾಳನ್ನು
ತುಸು ಹೊತ್ತು ಮರುಲೆಕ್ಕ ಹಾಕಿದಂತೆ ಕಂಡ.
ಜೋಡಿಗೆ ಐನೂರು ಕೇಳಿದ್ದಕ್ಕೆ ಒಮ್ಮೆ
ಅವನ ಪಟಗಾ ಸಗಣಿಗೆ ಬಿದ್ದಿತ್ತು.
ಅವಧಿ ಹದಿನೈದು ವರ್ಷ.
'ನನಗೀಗ ಅರವತ್ತೊಂಬತ್ತು' ಎಂದ. ಬೇರೇನೂ ಹೇಳಲಿಲ್ಲ.
ವ್ಯಾಪ್ತಿ: ಸಮಸ್ತ ವಿಶ್ವ,
ಈಗ ತಿಳಿದಿರುವ, ಇನ್ನು ಮುಂದೆ ತಿಳಿಯಲಿರುವ
ಎಲ್ಲ ಬಗೆಯ ಪರದೆಗಳು.

'ವಿಶ್ವ ಅಂದ್ರ, ದುಧನಿನೂ ಬರ್ತದೇನು ಅದರಾಗ?'
ಬರ್ತದ.
'ಮತ್ತ ನಾವು ಮಾರ್ಕೆಟ್ ಗೋಡಿಗೆ ದೋತರ ಕಟ್ಟಿ ನೋಡತೀವಂದ್ರ?'
ಅವರನ್ನ ಕೇಳಬೇಕು.

ಹೆಗಲ ಟವೆಲು ತೆಗೆದು ಅಂಗೈ ಮೇಲೆ ಹರವಿದ.
'ಕೊಡು ಕೈ.'
ಶೂಟಿಂಗಿನಲ್ಲಿ ಎರಡು ದಿನ ಕಾದರೂ
ಕ್ಯಾಮೆರಾವನ್ನು ಅದರೊಳಗೆ ಬಿಟ್ಟಿರಲಿಲ್ಲ ಅವನು.
ಹೊರಗಿನಿಂದಲೇ ತೆಗೆದಿದ್ದೆ, ಬಟ್ಟೆ ಮಿಸುಕುವುದನ್ನು,
ಎರಡು ಮುಖಗಳು ಬೇರೆಲ್ಲೋ ನೋಡುವುದನ್ನು.
ಒಳಗೆ ಬೆಚ್ಚಗಿತ್ತು.
ತಂಬಾಕು ತಿಕ್ಕಿ ಸವೆದ ಬೆರಳುಗಳು ಕಾಯುತ್ತಿದ್ದವು.
'ನಿಂದೆಷ್ಟು, ಹೇಳು.'

ಖರ್ಚು ಗೊತ್ತಿತ್ತು, ಪೈಸೆ ಸಮೇತ.
ಅಣ್ಣ ಟೆಂಪೋ ಮಾರಿದ್ದು,
ಸೌಂಡಿನ ಹುಡುಗ ಇನ್ನೂ ಏನೂ ಕೇಳದಿರುವುದು.
ನನ್ನದೆಷ್ಟು?
ಯಾರಾದರೂ ಒಬ್ಬರು ನಡುವೆ ಏಳದೆ
ಎಪ್ಪತ್ತನಾಲ್ಕನೆಯ ನಿಮಿಷದ ತನಕ ಕೂರಲಿ
ಎಂಬುದಕ್ಕೆ ಬೆರಳಿನ ಗುರುತು ಇಲ್ಲ.
ಸೋಲಾಪುರದ ಪ್ಯಾಸೆಂಜರ್ ಬಂತು, ನಿಂತಿತು, ಹೋಯಿತು.
ಅವನು ಕೈ ಬಿಡಲಿಲ್ಲ, ಒತ್ತಲೂ ಇಲ್ಲ.

ರಾತ್ರಿ ಉತ್ತರ ಬರೆದೆ.
ಇಪ್ಪತ್ತೈದಕ್ಕೆ ಒಪ್ಪಿಗೆ.
ಅವಧಿ ಐದು ವರ್ಷ.
ಕರಾರಿಗೆ ಮುಂಚೆ ದಯವಿಟ್ಟು ಉಳಿದ ಅರವತ್ತಮೂರು ನಿಮಿಷ.
ವ್ಯಾಪ್ತಿ: ಸಮಸ್ತ ವಿಶ್ವ, ದುಧನಿ ಬಿಟ್ಟು.

ಕಳಿಸಿಯಾದ ಮೇಲೆ ನೆನಪಾಯಿತು,
ಮೈಬೂಸಾಬನ ಮಗಳನ್ನು ಮೈಂದರ್ಗಿಗೆ ಕೊಟ್ಟಿದೆ.
ಮೈಂದರ್ಗಿ ಬರೆಯಲು ಮರೆತೆ.